ಮೇಸ್ತ್ರಿಯ ಕಿವಿ

ಹೋದ ತಿಂಗಳು ಹಾಸನದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಹಿಂದೆ ಹೊಳೆನರಸೀಪುರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದವನೊಬ್ಬ ಎದುರಾದ. ಅದೂ ಇದೂ ಮಾತಾಡಿ ಕೊನೆಗೆ, "ನಿಮ್ ಡೀಸೆಲ್ ಮೇಸ್ತ್ರಿ ಓಗ್ಬುಟ್ರಂತಲ್ಲ ಮೇಡಂ" ಅಂದ. ಎಲ್ಲಿಗೆ ಅಂತ ಕೇಳಿದೆ. ಕೇಳಿದ ಮೇಲೆ ಅರ್ಥವಾಯಿತು. ಚನ್ನರಾಯಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದರಂತೆ. ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲವಂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ವಿಷಯದಲ್ಲಿ ಒಂದು ಸಂಗತಿ ಯಾರಿಗೂ ತಿಳಿಯಬಾರದು ಎಂದು ಅವರು ಬಹಳ ಕಾಲ ಕಷ್ಟಪಟ್ಟಿದ್ದರು. ನಾನು ಬರೆಯಹೊರಟಿರುವುದು ಅದೇ ಸಂಗತಿಯನ್ನು. ಹೆಸರನ್ನಾದರೂ ಬಿಟ್ಟುಬಿಡೋಣ. ಊರಿಗೆಲ್ಲ ಅವರು ಮೇಸ್ತ್ರಿ. ನನಗೂ ಹಾಗೇ.

ನಾನು ಆಗ ಅರಕಲಗೂಡು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಹೊಳೆನರಸೀಪುರದಲ್ಲಿ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ತಪ್ಪಿದಂತೆಯೇ. ನಿವೃತ್ತರಾಗುತ್ತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಡೀಸೆಲ್ ಕಾರನ್ನು ಮಾರುವುದಾಗಿ ಹೇಳಿದಾಗ ನಾನೇ ಕೊಂಡುಕೊಂಡೆ. ಒಮ್ಮೆ ಶುರುವಾಯಿತೆಂದರೆ ಸಂಜೆಯವರೆಗೆ ತಕರಾರಿಲ್ಲದೆ ಓಡುತ್ತಿತ್ತು. ಶುರುವಾಗುವುದೇ ಕಷ್ಟ. ಕೊಟ್ಟವರು ಕೀಲಿಯ ಜೊತೆಗೆ ಮೇಸ್ತ್ರಿಯ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅದರ ಅರ್ಥ ನನಗೆ ಮಾರ್ಗಶಿರದ ಚಳಿಯಲ್ಲಿ, ಕಾರು ಶುರುವಾಗದ ಒಂದು ಬೆಳಿಗ್ಗೆ ತಿಳಿಯಿತು.

ಆ ಬೆಳಿಗ್ಗೆ ಅವರು ಮೊಪೆಡ್ಡಿನಲ್ಲಿ ಬಂದರು. ಅರವತ್ತರ ಹತ್ತಿರದ ತೆಳ್ಳನೆಯ ಆಳು. ಕಿವಿ ಮುಚ್ಚುವಂತೆ ಸುತ್ತಿದ ಟವೆಲ್ಲು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಬಾನೆಟ್ ಎತ್ತುತ್ತಾರೆ ಅಂದುಕೊಂಡರೆ ಎತ್ತಲೇ ಇಲ್ಲ. ಕಾರಿನ ಸುತ್ತ ಒಂದು ಸಲ ನಡೆದು, ಅಂಗಳದ ಇಳಿಜಾರನ್ನು ನೋಡಿ, ರಾತ್ರಿ ಗಾಡಿ ಇಲ್ಲೇ ಹೀಗೇ ನಿಂತಿತ್ತೇ ಎಂದು ಕೇಳಿದರು. ಮೂತಿ ಮೇಲಕ್ಕಿತ್ತೇ ಕೆಳಕ್ಕಿತ್ತೇ? ಡೀಸೆಲ್ ಎಣ್ಣೆ ಕೊನೆಗೆ ಯಾವಾಗ ಹಾಕಿಸಿದ್ದು? ನಿನ್ನೆ ನಿಲ್ಲಿಸುವಾಗ ಎಂದಿನಂತೆ ನಿಂತಿತೋ, ಕೆಮ್ಮಿ ನಿಂತಿತೋ? ಡಾಕ್ಟರು ಕೂಡ ನನ್ನನ್ನು ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಆಮೇಲೆ ನನ್ನನ್ನು ಒಳಗೆ ಕೂರಿಸಿ ತಾವು ಹಿಂದೆ ಹೋಗಿ ಸೈಲೆನ್ಸರ್ ಕೊಳವೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಸೆಲ್ಫ್ ಒಡೀರಿ" ಅಂದರು. ಇಂಜಿನ್ನು ಚೆನ್ನಾಗಿಯೇ ತಿರುಗಿತು, ಹತ್ತಿಕೊಳ್ಳಲಿಲ್ಲ.

"ಒಗೆ ಬರ್ನಿಲ್ಲ" ಅಂದು ಎದ್ದು ಬಂದರು.

ನಾನು ಏಕೆ, ಏನು ಎಂದು ಕೇಳುವವಳು. ಅದು ಅವರಿಗೆ ಹಿಡಿಸಿತೆಂದು ತೋರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ ಅದಕ್ಕೆ ಎಣ್ಣೆ ಚಿಮುಕಿಸುವುದು. ಆದ್ದರಿಂದ ಬೇಕಾದದ್ದು ಮೂರೇ, ತಿರುಗುವ ವೇಗ, ಎಣ್ಣೆ, ಬಿಸಿ ಎಂದು ಬೆರಳು ಮಡಿಸಿ ಹೇಳಿದರು. ತಿರುಗುವುದು ಕಿವಿಗೇ ಗೊತ್ತಾಗುತ್ತದೆ. ಉಳಿದದ್ದನ್ನು ಹೊಗೆ ಹೇಳುತ್ತದೆ. ಬಿಳಿ ಹೊಗೆ ಬಂದರೆ ಎಣ್ಣೆ ಒಳಗೆ ಹೋಗಿದೆ, ಉರಿದಿಲ್ಲ, ಬಿಸಿ ಸಾಲದು. ಹೊಗೆಯೇ ಇಲ್ಲವೆಂದರೆ ಎಣ್ಣೆಯೇ ತಲುಪಿಲ್ಲ. ನಿಮ್ಮ ಗಾಡಿ ಮೂತಿ ಮೇಲೆ ಮಾಡಿ ನಿಂತಿದೆ, ಎಲ್ಲೋ ಕೂದಲೆಳೆಯಷ್ಟು ಸಂದಿಯಲ್ಲಿ ಗಾಳಿ ಹೋಗಿದೆ, ಪೈಪಿನಲ್ಲಿದ್ದ ಎಣ್ಣೆ ಟ್ಯಾಂಕಿಗೆ ಹಿಂದಿರುಗಿದೆ. ಇಷ್ಟು ಹೇಳಿದ ಮೇಲೆಯೇ ಬಾನೆಟ್ ಎತ್ತಿದ್ದು. ಫಿಲ್ಟರಿನ ಹತ್ತಿರ ಒಂದು ಸವೆದ ವಾಷರ್ ಬದಲಾಯಿಸಿ, ಕೈಪಂಪನ್ನು ಒತ್ತಿ ಒತ್ತಿ ಗಟ್ಟಿಯಾಗುವವರೆಗೆ ಎಣ್ಣೆ ತುಂಬಿ, ಮತ್ತೆ ಹೊಡೆಯಲು ಹೇಳಿದರು. ಕಾರು ಎರಡನೇ ಸುತ್ತಿಗೇ ಹತ್ತಿಕೊಂಡಿತು. ಅವರ ಮುಖದಲ್ಲಿ ನಗು ಬರಲಿಲ್ಲ; ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಸುಮ್ಮನೆ ಕೇಳುತ್ತ ನಿಂತರು. ಆ ವಾರ ಒಂಬತ್ತನೇ ತರಗತಿಗೆ ದಹನಕ್ರಿಯೆಯ ಪಾಠವನ್ನು ನಾನು ಪುಸ್ತಕ ಮುಚ್ಚಿ ಮಾಡಿದೆ.

ಅರಕಲಗೂಡು ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಬೋರ್ಡಿಲ್ಲ. ಒಳಗೆ ಗೋಡೆಗೆ ಬುದ್ಧನ ಪಟ, ಅದರ ಪಕ್ಕ ಸ್ಪ್ಯಾನರುಗಳು ಅಳತೆಯ ಪ್ರಕಾರ ತೂಗುತ್ತಿದ್ದವು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವಾಗ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ರೂಢಿಯಾಯಿತು. ಹಳೇ ಜೀಪು, ಟ್ರಾಕ್ಟರು, ಮಿನಿ ಬಸ್ಸು, ಶುರುವಾಗದ ಗಾಡಿಗಳೆಲ್ಲ ಹರದನಹಳ್ಳಿ, ಅರಕಲಗೂಡು ಕಡೆಯಿಂದ ಎಳೆಸಿಕೊಂಡು ಅಲ್ಲಿಗೆ ಬರುತ್ತಿದ್ದವು. ಒಂದು ದಿನ ಯಾರೋ ಜಮೀನುದಾರರು ತಮ್ಮ ಜೀಪಿನಲ್ಲಿ ಎಣ್ಣೆ ಯಾವತ್ತೂ ಖಾಲಿಯಾಗಿಲ್ಲವೆಂದು ವಾದಿಸುತ್ತಿದ್ದರು. ಮೇಸ್ತ್ರಿ ಎದುರುತ್ತರ ಕೊಡದೆ ಫಿಲ್ಟರ್ ಬಿಚ್ಚಿ, ಎಣ್ಣೆ ಬರಿದಾದಾಗ ಟ್ಯಾಂಕಿನ ತಳದಿಂದ ಎಳೆದುಕೊಂಡು ಬಂದಿದ್ದ ಕೆಸರನ್ನು ಒಂದು ತಟ್ಟೆಗೆ ಸುರಿದು ಅವರ ಮುಂದಿಟ್ಟರು. ಅವರು ಹೋದ ಮೇಲೆ ನನಗೆ, "ಗಾಡಿ ಸುಳ್ಳು ಯೇಳಕಿಲ್ಲ ಮೇಡಮ್ಮೋರೆ. ಓನರ್ರು ಯೇಳ್ತಾನೆ" ಅಂದರು.

ತಮ್ಮ ಬಗ್ಗೆ ಹೆಚ್ಚು ಹೇಳಿಕೊಂಡವರಲ್ಲ. ಒಮ್ಮೆ ಮಾತ್ರ, ಯಾವ ಸಂದರ್ಭಕ್ಕೋ ಮರೆತಿದೆ, ಬಾಗೂರಿನ ಕಡೆಯ ಒಂದು ದೊಡ್ಡ ಮನೆಯ ಮಾತು ತೆಗೆದರು. ಲಾರಿ ಕ್ಲೀನರಾಗಿದ್ದವರು ಹೊಸದಾಗಿ ಡೀಸೆಲ್ ಪಂಪಿನ ಕೆಲಸ ಕಲಿತಿದ್ದ ಕಾಲ. ಆ ಮನೆಯ ಟ್ರಾಕ್ಟರು ಒಕ್ಕಣೆಯ ಹೊತ್ತಿಗೆ ನಿಂತುಹೋಗಿ, ಇವರು ಎರಡು ದಿನ ಅಲ್ಲೇ ಇದ್ದು ಶುರುಮಾಡಿಕೊಟ್ಟರು. ಮೊದಲ ದಿನ ಕಾಫಿ ಬೇರೆ ಲೋಟದಲ್ಲಿ ಬಂತು. ಗ್ರೀಸು ಮೆತ್ತಿದ ಕೈ, ಅದಕ್ಕೇ ಇರಬೇಕು ಎಂದು ತಮಗೆ ತಾವೇ ಹೇಳಿಕೊಂಡರಂತೆ. ಮಾರನೆಯ ದಿನ ಬಾವಿಯ ಹತ್ತಿರ ಸೀಗೆಪುಡಿ ಹಾಕಿ ಕೈ ತಿಕ್ಕಿ ತೊಳೆದುಕೊಂಡು ಬಂದು ಕೂತರು. ಅದೇ ಲೋಟ ಬಂತು. "ಅವತ್ತಿಂದ ನಾನು ಕೈ ತೊಳ್ಯಕ್ಕೆ ಅಷ್ಟು ಒತ್ತು ಕಳ್ಯಕಿಲ್ಲ" ಅಂದು ಸ್ಪ್ಯಾನರ್ ಎತ್ತಿಕೊಂಡರು. ಆಮೇಲಾಮೇಲೆ ಅದೇ ಮನೆಯವರು ಶೆಡ್ಡಿನ ಮುಂದೆ ಬಂದು ಮೇಸ್ತ್ರಿ, ಮೇಸ್ತ್ರಿ ಎಂದು ಕಾಯುವಂತಾಯಿತು. ಅದನ್ನು ಅವರು ಹೇಳಲಿಲ್ಲ, ನಾನೇ ನೋಡಿದ್ದೇನೆ.

ಪರಿಚಯವಾಗಿ ಮೂರನೆಯ ವರ್ಷವಿರಬೇಕು. ಕಾರು ಮತ್ತೆ ಮುಷ್ಕರ ಹೂಡಿತು. ಈ ಸಲವೂ ತಿರುಗುತ್ತಿತ್ತು, ಹೊಗೆ ಇರಲಿಲ್ಲ. ಗಾಳಿ ಸೇರಿರಲಿಲ್ಲ, ಫಿಲ್ಟರು ಚೊಕ್ಕಟವಾಗಿತ್ತು. ಇಂಥ ಹಳೆಯ ಕಾರುಗಳಲ್ಲಿ ಇಂಜಿನ್ನಿಗೆ ಎಣ್ಣೆ ಒತ್ತುವ ಪಂಪಿನ ತಲೆಯ ಮೇಲೆ ಒಂದು ಪುಟ್ಟ ವಿದ್ಯುತ್ ಬಾಗಿಲು ಇರುತ್ತದೆ. ಕೀಲಿ ತಿರುಗಿಸಿದ ಕೂಡಲೇ ಅದು ಟಕ್ ಎಂದು ತೆರೆದುಕೊಂಡರೆ ಮಾತ್ರ ಎಣ್ಣೆ ಮುಂದಕ್ಕೆ ಹೋಗುವುದು. ಮೇಸ್ತ್ರಿ ನನಗೆ ಕೀಲಿ ಆನ್ ಮಾಡಿ ಆಫ್ ಮಾಡಿ ಎಂದು ನಾಲ್ಕೈದು ಸಲ ಹೇಳಿ, ಪಂಪಿನ ಮೇಲೆ ಬಗ್ಗಿ ಕಿವಿಗೊಟ್ಟರು. "ಟಕ್ ಅಂತೈತೆ, ಅದು ಸರಿಯಾಗೈತೆ" ಅಂದರು. ಡ್ರೈವರ್ ಸೀಟಿನಲ್ಲಿದ್ದ ನನಗೆ ಟಕ್ ಅಂದದ್ದು ಕೇಳಿಸಲಿಲ್ಲ. ಆದರೆ ಅವರಿಗೆ ಕೇಳಿಸಿತೆಂದ ಮೇಲೆ ಆಗಿರಲೇಬೇಕು. ನನ್ನ ಕಿವಿಗಿಂತ ಅವರ ಕಿವಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಪಂಪೇ ಕೆಟ್ಟಿದೆ ಎಂದು ತೀರ್ಮಾನವಾಯಿತು. ಇಡೀ ದಿನ ಕೂತು ಅದನ್ನು ಬಿಚ್ಚಿ, ಗೋಣಿಯಲ್ಲಿ ಸುತ್ತಿ ಹಾಸನದ ಪಂಪು ರಿಪೇರಿಯವರಿಗೆ ಕಳಿಸಿದರು. ಮೂರು ದಿನ ಕಳೆದು ಅಲ್ಲಿಯವನು ನನಗೇ ಫೋನ್ ಮಾಡಿದ. ಪಂಪಿಗೆ ಏನೂ ಆಗಿಲ್ಲ, ಮೇಲಿನ ಆ ಚಿಕ್ಕ ಬಾಗಿಲು ಸತ್ತುಹೋಗಿದೆ, ಕೀಲಿ ತಿರುಗಿಸಿದಾಗ ಸದ್ದೇ ಬರುತ್ತಿರಲಿಲ್ಲವಲ್ಲ, ಯಾರೂ ಗಮನಿಸಲಿಲ್ಲವೇ ಎಂದು ಕೇಳಿದ. ಐದು ನಿಮಿಷದ ಕೆಲಸಕ್ಕೆ ಪಂಪು ಕಳಚಿದ್ದರು ಎಂದು ನಕ್ಕ. ನಾನು ಅದನ್ನು ಮೇಸ್ತ್ರಿಗೆ ಹೇಳಿದಾಗ ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಎರಡನೆಯ ಸಲ ಹೇಳಿಸಿಕೊಂಡರು. ಆಮೇಲೆ ಶೆಡ್ಡಿನ ಒಳಗೆ ಹೋಗಿ ಬಹಳ ಹೊತ್ತು ಏನನ್ನೋ ಹುಡುಕಿದರು.

ನನ್ನ ತರಗತಿಯಲ್ಲಿ ಒಮ್ಮೆ ಒಬ್ಬ ಹುಡುಗಿ ಇದ್ದಳು. ಏನು ಕೇಳಿದರೂ ಹೂಂ ಮಿಸ್ ಅನ್ನುತ್ತಿದ್ದಳು. ನಾನು ಬೋರ್ಡಿನ ಕಡೆ ತಿರುಗಿ ಹೇಳಿದ್ದು ಯಾವುದೂ ಅವಳ ನೋಟ್ಸಿನಲ್ಲಿ ಇರುತ್ತಿರಲಿಲ್ಲ. ದಡ್ಡಿ ಎಂದೇ ಒಂದು ವರ್ಷ ನಂಬಿದ್ದೆವು. ಆ ತಪ್ಪು ಮಾಡಿದ ಮೇಲೆ ನನಗೆ ಕೇಳಿಸದವರ ಗುರುತು ಬೇಗ ಸಿಗುತ್ತದೆ. ಪಂಪಿನ ಪ್ರಸಂಗವಾದ ಮೇಲೆ ಮೇಸ್ತ್ರಿಯನ್ನು ಬೇರೆ ಕಣ್ಣಿನಿಂದ ನೋಡಿದೆ. ಮೊದಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗಿಟ್ಟು ಕೇಳುತ್ತಿದ್ದವರು, ಈಗ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದರು. ಅದುರುವಿಕೆ ಹಲ್ಲಿಗೆ ಬರುತ್ತದಲ್ಲ, ಅಷ್ಟರಲ್ಲೇ ಲೆಕ್ಕ ಹಾಕುತ್ತಿದ್ದರು. ಗಿರಾಕಿಗಳು ಬೆನ್ನ ಹಿಂದಿನಿಂದ ಮಾತಾಡಿದರೆ ಹೂಂ ಅನ್ನುತ್ತಿದ್ದರು. ಯಾವುದಕ್ಕೆ ಹೂಂ ಅಂದೆ ಎನ್ನುವುದು ಅವರಿಗೆ ಗೊತ್ತಿರುತ್ತಿರಲಿಲ್ಲ. ಇನ್ನೊಂದು ಹೊಸ ಪದ್ಧತಿಯೂ ಬಂದಿತ್ತು. ಬಾನೆಟ್ಟಿನ ಪಕ್ಕದಿಂದ ಬಲಗೈ ಎತ್ತಿ ತೋರಿಸುತ್ತೇನೆ, ಅದು ಕಂಡ ಮೇಲೆಯೇ ಸೆಲ್ಫ್ ಹೊಡೆಯಬೇಕು, ಅದಕ್ಕೆ ಮುಂಚೆ ಕೀಲಿ ಮುಟ್ಟಕೂಡದು ಎಂದು ಎಲ್ಲರಿಗೂ ಹೇಳುತ್ತಿದ್ದರು. ಕೂಗಾಟ ಯಾಕೆ, ಕೈಯಲ್ಲಿ ತೋರಿಸಿದರೆ ಆಯಿತಲ್ಲ ಎಂದು ಜನ ಮೆಚ್ಚಿಕೊಂಡರು.

ನಾನು ಏನು ಮಾಡಿದೆ? ಏನೂ ಮಾಡಲಿಲ್ಲ. ದೊಡ್ಡವರು, ಮುಖಕ್ಕೆ ಹೇಗೆ ಹೇಳುವುದು ಅನ್ನಿಸುತ್ತಿತ್ತು. ಅದು ನಿಜವಾದರೂ ಪೂರ್ತಿ ನಿಜವಲ್ಲ. ಅವರು ಕೆಲಸ ನಿಲ್ಲಿಸಿದರೆ ನನ್ನ ಕಾರಿನ ಗತಿಯೇನು ಎಂಬ ಯೋಚನೆಯೂ ಇತ್ತು. ಒಂದು ಶನಿವಾರ, ಹೇಳದೆಯೇ ಸಹಾಯ ಮಾಡೋಣವೆಂದು ಎತ್ತರದ ದನಿಯಲ್ಲಿ ಮಾತಾಡಿದೆ. ಶೆಡ್ಡಿನಲ್ಲಿ ನಾಲ್ಕು ಜನ ಇದ್ದರು. ಮೇಸ್ತ್ರಿಯ ಮುಖ ಕೆಂಪಾಯಿತು. "ಯಾಕವ್ವ ಅಂಗ್ ಕೂಗ್ತೀರಾ? ನಾನೇನು ಕಿವುಡ್ನಾ?" ಅಂದರು. ಜನ ನಕ್ಕರು. ಅವರೂ ನಕ್ಕರು. ಅವತ್ತಿನಿಂದ ನಾನು ದನಿ ತಗ್ಗಿಸಿದೆ.

ಹೀಗೆ ಎರಡು ವರ್ಷ.

ಒಂದು ಬೆಳಿಗ್ಗೆ ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಕಾರು ಹಿಂದಿನ ದಿನದಿಂದ ಸತಾಯಿಸುತ್ತಿತ್ತು. ಮೇಸ್ತ್ರಿ ಮುಂಜಾನೆಯೇ ಬಂದು ಬಿಸಿ ಮಾಡುವ ಪ್ಲಗ್ಗುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎರಡನ್ನು ಬದಲಾಯಿಸಿದ್ದರು. ಸಣ್ಣಗೆ ಬೇಸಿಗೆಯ ಮಳೆ ಹನಿಯುತ್ತಿತ್ತು. ನಾನು ಒಳಗೆ ಗಾಜು ಏರಿಸಿಕೊಂಡು, ಸೀರೆ ನೆನೆಯದಂತೆ ಕೂತು, ಗಡಿಯಾರ ನೋಡುತ್ತಿದ್ದೆ. ಪರೀಕ್ಷೆಗೆ ತಡವಾಗಿ ಹೋದರೆ ಕಾರಣ ಕೇಳಿ ಪತ್ರ ಬರುತ್ತದೆ. ಎತ್ತಿದ ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಅವರ ತಲೆಯ ಟವೆಲ್ಲು ಮಾತ್ರ ಕಾಣುತ್ತಿತ್ತು. "ಒಡೀಲಾ ಮೇಸ್ತ್ರಿ" ಎಂದು ಅವರ ಮಾತಿನಲ್ಲೇ ಕೇಳಿದೆ. ತಲೆ ಅಲ್ಲಾಡಿತು. ಕೆಲಸ ಮಾಡುವಾಗ ತಮ್ಮೊಳಗೇ ತಲೆಯಾಡಿಸಿಕೊಳ್ಳುವುದು ಅವರ ಅಭ್ಯಾಸ, ಅದೂ ನನಗೆ ಗೊತ್ತಿತ್ತು. ಬಲಗೈ ಮೇಲೆ ಬಂದಿರಲಿಲ್ಲ.

ನಾನು ಕೀಲಿ ತಿರುಗಿಸಿದೆ.

ಹಿಂದಿನ ದಿನದಿಂದ ಹತ್ತದಿದ್ದ ಇಂಜಿನ್ನು ಆ ಕ್ಷಣಕ್ಕೆ ಹತ್ತಿಕೊಂಡಿತು. ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ, ಮೂರೋ ನಾಲ್ಕೋ ಸೆಕೆಂಡು ನನಗೆ ಬರೀ ಸಂತೋಷವಾಗಿತ್ತು. ಆಮೇಲೆ ಮೇಸ್ತ್ರಿ ಬಾನೆಟ್ಟಿನ ಪಕ್ಕದಿಂದ ನಿಧಾನವಾಗಿ ಬಂದರು. ಎಡಗೈಯನ್ನು ಗಾಡಿ ಒರೆಸುವ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಬಲಗೈಯನ್ನು ಗಾಜಿನ ಮುಂದೆ ತಂದು, ಕೀಲಿ ತಿರುಗಿಸುವಂತೆ ಮಾಡಿ ತೋರಿಸಿದರು. ಆಫ್ ಮಾಡಿ ಅಂತ. ಕೂಗಿರಬೇಕು, ಇಂಜಿನ್ ಸದ್ದಿನಲ್ಲಿ ನನಗೆ ಕೇಳಿಸಿರಲಿಲ್ಲ. ಫ್ಯಾನಿನ ಬೆಲ್ಟು ಸಡಿಲವಾಗಿದೆಯೇ ಎಂದು ಬೆರಳಿಟ್ಟು ಒತ್ತಿ ನೋಡುತ್ತಿದ್ದರಂತೆ.

ಅದೇ ಕಾರಿನಲ್ಲಿ ಊರಿನ ಆಸ್ಪತ್ರೆಗೆ, ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು. ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿದಾಗ ಆಫ್ ಮಾಡಬೇಡಿ, ಆಮೇಲೆ ಶುರುವಾಗದಿದ್ದರೆ ನಿಮಗೆ ತೊಂದರೆ ಅಂದರು. ಎಡಗೈಯ ತೋರುಬೆರಳು, ನಡುಬೆರಳು, ಎರಡರ ತುದಿಗೆಣ್ಣೂ ಉಳಿಯಲಿಲ್ಲ.

ಡಾಕ್ಟರು ಹೇಗಾಯಿತೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಹೇಳಿದರು. "ಇಂಜಿನ್ ಓಡ್ತಿತ್ತು ಸಾ. ನಾನೇ ಗ್ಯಾನ ಇಲ್ದಂಗೆ ಕೈ ಆಕ್ಬುಟ್ಟೆ." ನಾನು ಮೇಜಿನ ಮೇಲಿದ್ದ ಹತ್ತಿಯ ಡಬ್ಬವನ್ನು ನೋಡುತ್ತ ನಿಂತಿದ್ದೆ. ಆಗ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಹೊರಗೆ ಬಂದು ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಕಾರು ಕೆಟ್ಟಿತ್ತು ಎಂದೆ.

ಊರಿನಲ್ಲಿ ಸುದ್ದಿ ಅವರು ಹೇಳಿದಂತೆಯೇ ಹಬ್ಬಿತು. ನಲವತ್ತು ವರ್ಷ ಅನುಭವದವರು ಓಡುವ ಇಂಜಿನ್ನಿಗೆ ಕೈ ಹಾಕುತ್ತಾರೆಂದರೆ ವಯಸ್ಸಾಯಿತು ಅಂತಲೇ ಅರ್ಥ. ಜನ ಮರುಕಪಟ್ಟರು, ಮರುಕಪಡುತ್ತಲೇ ಗಾಡಿಗಳನ್ನು ಬೇರೆ ಕಡೆ ಒಯ್ದರು. ನನ್ನ ಸ್ಟಾಫ್ ರೂಮಿನಲ್ಲೂ ಈ ಮಾತು ಬಂತು. ಪಾಪ, ಅಜಾಗರೂಕತೆ ಎಂದು ಯಾರೋ ಅಂದರು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ, ತಿದ್ದುತ್ತಲೇ ಇದ್ದೆ. ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಓಡಾಡತೊಡಗಿದೆ. ಶೆಡ್ಡಿನ ಮುಂದೆ ಹೋಗುವಾಗ ಅದು ಕಾಣದ ಆಚೆ ಬದಿಯ ಸೀಟಿನಲ್ಲಿ ಕೂರುತ್ತಿದ್ದೆ.

ಆಷಾಢದ ಒಂದು ಶನಿವಾರ ಬಸ್ಸಿಳಿದು ನಡೆದೇ ಹೋದೆ. ಶೆಡ್ಡಿನಲ್ಲಿ ಒಂದೂ ಗಾಡಿ ಇರಲಿಲ್ಲ. ಮೇಸ್ತ್ರಿ ಒಬ್ಬರೇ ಕೂತು, ಗಾಯ ಮಾಗಿದ ಎಡಗೈಯಲ್ಲಿ ನಟ್ಟು ಹಿಡಿದು ತಿರುಗಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. ನಟ್ಟು ಬೀಳುವುದು, ಎತ್ತಿಕೊಳ್ಳುವುದು. ನನ್ನನ್ನು ನೋಡಿ ಗಾಡಿ ಹೇಗಿದೆ ಎಂದು ಕೇಳಿದರು. ತೆಗೆದೇ ಇಲ್ಲ ಅಂದೆ. ವಾರಕ್ಕೊಮ್ಮೆಯಾದರೂ ಶುರುಮಾಡಿ ಇಡಬೇಕು, ಇಲ್ಲದಿದ್ದರೆ ಗಾಳಿ ಎಳೆದುಕೊಳ್ಳುತ್ತದೆ ಎಂದು ಬೈದರು. ನಾನು ಅವರ ಎದುರಿಗೆ, ನನ್ನ ತುಟಿ ಕಾಣುವಂತೆ ಕೂತೆ.

"ಅವತ್ತು ನೀವು ಕೈ ಎತ್ತಿರಲಿಲ್ಲ ಮೇಸ್ತ್ರಿ. ನಾನೇ ಕೀ ತಿರುಗಿಸಿದೆ. ನಿಮಗೆ ಕೇಳಿಸಲ್ಲ ಅಂತ ಗೊತ್ತಿದ್ದೂ ತಿರುಗಿಸಿದೆ."

ಅವರು ನಟ್ಟನ್ನು ಕೆಳಗಿಟ್ಟರು. ಕಳೆದುಹೋದ ಬೆರಳುಗಳ ಮಾತು ಬರುತ್ತದೆ ಎಂದು ನಾನು ಕಾದೆ. ಅದು ಬರಲೇ ಇಲ್ಲ.

"ಕೇಳ್ಸಕಿಲ್ಲ ಅಂತ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಪಂಪು ಬಿಚ್ಚಿದಾಗಿನಿಂದ."

ಅವರು ರಸ್ತೆಯ ಕಡೆ ನೋಡಿದರು. ಬೇರೆ ಯಾರಿಗೆ ಗೊತ್ತು ಎಂದು ಕೇಳಿದರು. ನನಗೆ ತಿಳಿದಂತೆ ಯಾರಿಗೂ ಇಲ್ಲ ಎಂದೆ. ಮಾತು ಮುಗಿಯಿತೆಂದುಕೊಂಡು ನಾನು ಏಳಲು ಹೊರಟಾಗ ಅವರು ಮೆಲ್ಲಗೆ, "ಬೆರಳು ಓದ್ರೆ ಓಯ್ತು. ಎರಡು ವರ್ಸ ನಾನೂ ಊಂ ಅಂತಿದ್ದೆ, ನೀವೂ ಊಂ ಅಂತಿದ್ರಿ. ಒಂದ್ ಮಾತು ಯೇಳ್ಬೌದಿತ್ತಲ್ಲವ್ವ" ಅಂದರು.

ನೀವೇ ಯಾಕೆ ಮುಚ್ಚಿಟ್ಟಿರಿ ಎಂದು ಕೇಳುವ ಹಕ್ಕು ನನಗಿರಲಿಲ್ಲ. ಆದರೂ ಕೇಳಿದೆ. ಅವರು ಸಿಟ್ಟಾಗಲಿಲ್ಲ.

"ಕೆಲ್ಸ ಗೊತ್ತಿರೋವರ್ಗೂ ನಾನು ಮೇಸ್ತ್ರಿ ಕಣವ್ವ. ಈ ಮೇಸ್ತ್ರಿ ಅನ್ನೋದು ಓಯ್ತು ಅಂದ್ರೆ, ಆಮೇಲೆ ಇವ್ರೆಲ್ಲ ನನ್ನ ಏನಂತ ಕರೀತಾರೆ ಅಂತ ನಂಗೊತ್ತು."

ಮುಂದಿನ ವಾರ ನಾವಿಬ್ಬರೂ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಕಿವಿಯ ಪರೀಕ್ಷೆ ಮಾಡಿಸಿದೆವು. ಗಾಜಿನ ಕೋಣೆಯೊಳಗೆ ಅವರನ್ನು ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದು ಹೇಳಿದ್ದರು. ನಾನು ಹೊರಗಿನಿಂದ ನೋಡುತ್ತಿದ್ದೆ. ಒಳಗೆ ಸದ್ದು ಬಿಡುತ್ತಿದ್ದಾರೆಂದು ಪರೀಕ್ಷಿಸುವ ಹುಡುಗಿಯ ಕೈ ನೋಡಿದರೆ ತಿಳಿಯುತ್ತಿತ್ತು. ಮೇಸ್ತ್ರಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಗುಂಡಿಯ ಮೇಲೆ ಬೆರಳಿಟ್ಟು, ಅಲುಗಾಡದೆ ಕೂತಿದ್ದರು. ಆ ಹುಡುಗಿ ಒಂದೊಂದೇ ಮೆಟ್ಟಿಲು ಸದ್ದು ಏರಿಸುತ್ತ ಹೋದಳು. ಅವರು ಕೂತೇ ಇದ್ದರು.

ಕಿವಿಗೆ ಯಂತ್ರ ಬಂತು. ಅದನ್ನು ಹಾಕಿಕೊಂಡು ಇಂಜಿನ್ನಿನ ಹತ್ತಿರ ಹೋದರೆ ತಗಡು ಬಡಿದಂತೆ ಎಲ್ಲ ಸದ್ದೂ ಒಂದೇ ಸಮ ಕೇಳುತ್ತದೆ, ಹೆಂಡತಿಯ ಮಾತಿಗೆ ಇದು ಸರಿ, ಗಾಡಿಯ ಮಾತಿಗೆ ಆಗದು ಎಂದು ನಕ್ಕರು. ನಾನು ಅವರಿಂದ ನಿರೀಕ್ಷಿಸದಿದ್ದ ಒಂದು ಕೆಲಸವನ್ನೂ ಮಾಡಿದರು. ಶೆಡ್ಡಿಗೆ ಬಂದವರಿಗೆಲ್ಲ ತಾವೇ ಮೊದಲು, ನನಗೆ ಕಿವಿ ಕೇಳುವುದಿಲ್ಲ, ಎದುರು ನಿಂತು ಮಾತಾಡಿ ಎಂದು ಹೇಳತೊಡಗಿದರು. ಮುಖವೆತ್ತಿ ಹೇಳುತ್ತಿದ್ದರು. ಪಟ್ಟುಹಿಡಿದು ಒಂದು ವರ್ಷ ಹಾಗೆ ನಡೆಸಿದರು. ಹೊಗೆ ನೋಡಿ, ಎಣ್ಣೆ ಮೂಸಿ, ಪೈಪಿನ ಮೇಲೆ ಅಂಗೈಯಿಟ್ಟು, ಸ್ಕ್ರೂಡ್ರೈವರ್ ಕಚ್ಚಿ, ಬಂದ ಗಾಡಿಗಳ ರೋಗವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತಿದ್ದರು. ಆದರೆ ಬರುವ ಗಾಡಿಗಳೇ ಕಡಿಮೆಯಾದವು. ಬೆರಳಿಲ್ಲದ ಕೈ, ಕೇಳದ ಕಿವಿ, ಜೊತೆಗೆ ಓಡುವ ಇಂಜಿನ್ನಿಗೆ ಕೈಹಾಕಿದ ಕತೆ. ಆ ಕತೆಯನ್ನು ಅವರು ತಿದ್ದಲಿಲ್ಲ. ನನ್ನ ಹೆಸರು ಬರುತ್ತದೆಂದು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಅವರಿಗೆ ಹೇಳಿದ್ದೇನಲ್ಲ, ಅಷ್ಟು ಸಾಕೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವರು ಹೆದರಿದ್ದಂತೆಯೇ ಆಯಿತು. ರಸ್ತೆಯಾಚೆಯ ಹೋಟೆಲಿನಲ್ಲಿ ಅವರ ಬಗ್ಗೆ ಮಾತಾಡುವವರ ಬಾಯಲ್ಲಿ ಮೇಸ್ತ್ರಿ ಎಂಬ ಶಬ್ದ ನಿಂತುಹೋಗಿ, ಕಿವುಡ ಎಂಬುದು ಬಂದಿತ್ತು. ಒಬ್ಬ ಅವರ ಜಾತಿಯ ಹೆಸರು ಹಿಡಿದೂ ಅಂದದ್ದನ್ನು ನಾನೇ ಕೇಳಿಸಿಕೊಂಡೆ.

ಶೆಡ್ಡು ಬಿಟ್ಟು ಚನ್ನರಾಯಪಟ್ಟಣಕ್ಕೆ ಮಗಳ ಮನೆಗೆ ಹೋಗುವ ಮುಂಚೆ ನಮ್ಮ ಮನೆಗೆ ಬಂದರು. ಕಾರಿನ ಸುತ್ತ ನಡೆದು, ಇದನ್ನು ಇನ್ನು ಇಟ್ಟುಕೊಳ್ಳಬೇಡಿ, ನೋಡುವವರು ಸಿಗುವುದಿಲ್ಲ ಎಂದರು. ಅವರು ಊರು ಬಿಟ್ಟ ತಿಂಗಳಿನಲ್ಲೇ ನನಗೆ ಹಾಸನಕ್ಕೆ ವರ್ಗವಾಯಿತು. ಕಾರನ್ನು ಮಾರಿದೆ. ಆಮೇಲೆ ಅವರನ್ನು ನೋಡಲಿಲ್ಲ. ಚನ್ನರಾಯಪಟ್ಟಣ ಎಷ್ಟು ದೂರ? ಒಂದು ಗಂಟೆ.

ಸುದ್ದಿ ತಿಳಿದ ವಾರದ ಭಾನುವಾರ ಅಲ್ಲಿಗೆ ಹೋದೆ. ಅವತ್ತು ಪುಣ್ಯಾನುಮೋದನೆ, ತೀರಿಕೊಂಡವರಿಗಾಗಿ ಬೌದ್ಧರು ಮಾಡುವ ಕಾರ್ಯ. ಗಾಥೆಗಳು ಮುಗಿದು, ಬಂದವರು ಹಜಾರದಲ್ಲಿ ಚಾಪೆಯ ಮೇಲೆ ಕೂತಿದ್ದರು. ಮೇಸ್ತ್ರಿಯ ಹೆಂಡತಿಯನ್ನು ನಾನು ಶೆಡ್ಡಿನಲ್ಲಿ ಎರಡು ಮೂರು ಸಲ ನೋಡಿದ್ದೆ ಅಷ್ಟೆ. ಆಕೆ ನನ್ನನ್ನು ಗುರುತಿಸಿ ಹತ್ತಿರ ಕೂರಿಸಿಕೊಂಡರು. ಹೊಳೆನರಸೀಪುರದಿಂದ ಬಂದಿದ್ದ ಹಿರಿಯರೊಬ್ಬರು ಮೇಸ್ತ್ರಿಯ ಕೆಲಸದ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡುತ್ತಿದ್ದರು. ಎಂಥ ಕೈ, ಎಂಥ ತಿಳಿವಳಿಕೆ. ಕೊನೆಯಲ್ಲಿ ಒಂದು ಸಲ ಮೈಮರೆತು ಓಡುವ ಇಂಜಿನ್ನಿಗೆ ಕೈ ಹಾಕಿದರಲ್ಲ, ಅಲ್ಲಿಂದ ಇಳಿಯಿತು ನೋಡಿ, ಅಂದರು.

"ಅವರು ಮೈಮರೆತಿರಲಿಲ್ಲ" ಅಂದೆ. "ಇಂಜಿನ್ ಓಡುತ್ತಿರಲಿಲ್ಲ. ಅವರು ಹೇಳುವ ಮೊದಲೇ ಕೀ ತಿರುಗಿಸಿದ್ದು ನಾನು. ತಪ್ಪು ನನ್ನದು."

ಹಿರಿಯರು ತಲೆ ತಗ್ಗಿಸಿದರು. ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಪಕ್ಕದಲ್ಲಿದ್ದ ಮೇಸ್ತ್ರಿಯ ಹೆಂಡತಿ ಮಾತ್ರ ಆಶ್ಚರ್ಯಪಡಲಿಲ್ಲ.

"ನಂಗೆ ಅವತ್ತೇ ಯೇಳಿದ್ರು" ಅಂದರು. ಸೆರಗಿನ ಅಂಚನ್ನು ಮಡಚಿದರು, ಬಿಡಿಸಿದರು. ಸಿಟ್ಟೇನೂ ಇರಲಿಲ್ಲ ಅವರ ದನಿಯಲ್ಲಿ. "ಇದ್ನ ನೀವು ಆ ಶೆಡ್ಡಿನ್ ಮುಂದೆ ನಿಂತ್ಕಂಡು ಯೇಳ್ಬೇಕಿತ್ತು ಮೇಡಮ್ಮೋರೆ. ಅವಾಗ ಯೇಳಿದ್ರೆ ಇನ್ನೂ ನಾಕು ಗಾಡಿ ಬತ್ತಿದ್ವು."

ನಾನು ಹೌದು ಅಂದೆ.